ಕರ್ತೃವಿಲ್ಲದ ವಾಕ್ಯ: ಹವಾಮಾನವನ್ನು ಕುರಿತು ಸಂಸ್ಥೆಗಳು ಬರೆಯುವ ಬಗೆ



ಹವಾಮಾನ ಬದಲಾವಣೆಯ ಶಾಸ್ತ್ರವನ್ನು ವಿವರಿಸುವುದು ಇಂದಿನ ನನ್ನ ಉದ್ದೇಶವಲ್ಲ; ಆ ಶಾಸ್ತ್ರವನ್ನು ಬಲ್ಲವರು ಬೇರೆ ಇದ್ದಾರೆ, ಅವರ ತೀರ್ಮಾನವಾದರೋ ಮೂಲಾಂಶಗಳಲ್ಲಿ ನಿಶ್ಚಿತವಾಗಿಯೇ ಇದೆ. ಈ ವಿಷಯವಾಗಿ ನೇಮಕಗೊಂಡಿರುವ ಅಂತರಸರ್ಕಾರಿ ಸಮಿತಿಯು 2021ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, 2011ರಿಂದ 2020ರವರೆಗಿನ ದಶಕದಲ್ಲಿ ಭೂಮಿಯ ಮೇಲ್ಮೈಯ ಸರಾಸರಿ ಉಷ್ಣತೆಯು 1850ರಿಂದ 1900ರವರೆಗಿನ ಕಾಲಕ್ಕಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತ್ತೆಂದೂ, ಈ ತಾಪವೃದ್ಧಿಗೆ ಮನುಷ್ಯನ ವ್ಯವಹಾರವೇ ಕಾರಣವೆಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲವೆಂದೂ ಹೇಳಿದೆ. ನಾನು ಎತ್ತಿಕೊಂಡಿರುವುದು ಅದಕ್ಕಿಂತ ಚಿಕ್ಕದಾದ, ಚಿಕ್ಕದೆಂಬ ಕಾರಣದಿಂದಲೇ ವಿದ್ವಾಂಸರ ಗಮನಕ್ಕೆ ಬೀಳದ ಒಂದು ಪ್ರಶ್ನೆಯನ್ನು: ಒಂದು ಸಹಕಾರ ಸಂಘವೋ, ಗ್ರಾಮ ಪಂಚಾಯಿತಿಯೋ, ಇಲಾಖೆಯೋ ಈ ವಿಷಯವಾಗಿ ತನ್ನ ಜನಕ್ಕೆ ನಾಲ್ಕು ಮಾತು ಬರೆಯಬೇಕಾಗಿ ಬಂದಾಗ, ಹೇಗೆ ಬರೆದರೆ ಅದು ತಿಳಿದೀತು, ಹೇಗೆ ಬರೆದರೆ ಅದು ನಡೆದೀತು?

2008ರಲ್ಲಿ ಕೇಂದ್ರ ಸರ್ಕಾರವು ಎಂಟು ಅಭಿಯಾನಗಳುಳ್ಳ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಹೊರಡಿಸಿತು. ತರುವಾಯ ನಮ್ಮ ರಾಜ್ಯಕ್ಕೂ ಒಂದು ಯೋಜನೆ ಸಿದ್ಧವಾಯಿತು. ಈಗ ಅದರ ಛಾಯೆ ಪಂಚಾಯಿತಿಯ ಕಾಗದಪತ್ರಗಳವರೆಗೂ ಇಳಿದು ಬಂದಿದೆ. ಇಳಿದು ಬರುವಾಗ ಅದು ಎಂಥ ಭಾಷೆಯನ್ನು ತನ್ನೊಡನೆ ತಂದಿದೆಯೆಂಬುದಕ್ಕೆ ನಾನೇ ಒಂದು ವಾಕ್ಯವನ್ನು ಹೆಣೆದು ನಿಮ್ಮ ಮುಂದಿಡುತ್ತೇನೆ. ಹೆಣೆದವನು ನಾನಾದರೂ ಇದನ್ನು ಎಲ್ಲಿಯೋ ಕೇಳಿದ್ದೇವೆಂದು ನಿಮಗೆ ತೋರದಿರದು. “ಹವಾಮಾನ ವೈಪರೀತ್ಯದ ದುಷ್ಪರಿಣಾಮಗಳನ್ನು ತಗ್ಗಿಸುವ ದಿಶೆಯಲ್ಲಿ ಸಮುದಾಯದ ಸಹಭಾಗಿತ್ವದೊಂದಿಗೆ ಸಮಗ್ರ ಹಾಗೂ ಸುಸ್ಥಿರ ಕ್ರಮಗಳನ್ನು ಕೈಗೊಳ್ಳಲಾಗುವುದು.” ಈ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ, ಶಬ್ದಗಳೂ ಗೌರವಸ್ಥ ಶಬ್ದಗಳೇ. ಆದರೆ ಯಾರು ಕೈಗೊಳ್ಳುವರು, ಯಾವ ಊರಿನಲ್ಲಿ, ಎಂದಿನೊಳಗೆ, ಕೈಗೊಳ್ಳದಿದ್ದರೆ ಯಾರನ್ನು ಕೇಳತಕ್ಕದ್ದು ಎಂದು ಹುಡುಕಹೊರಟರೆ ವಾಕ್ಯವು ಕೈಗೆ ಸಿಕ್ಕದೆ ಜಾರಿಹೋಗುತ್ತದೆ. ಕರ್ತೃವೇ ಇಲ್ಲದ ವಾಕ್ಯ ಇದು. ಮತ್ತು ಕರ್ತೃವು ಹೀಗೆ ಲೋಪವಾಗುವುದು ಕೇವಲ ಶೈಲಿಯ ಆಲಸ್ಯವೆಂದು ನಾನು ನಂಬಲಾರೆ. ಹೆಸರಿಲ್ಲದವನನ್ನು ಯಾರೂ ಪ್ರಶ್ನಿಸಲಾರರೆಂಬುದನ್ನು ಬರೆಯುವ ಕೈ ಬಲ್ಲದು. ಅದಕ್ಕಿಂತ ಹೆಚ್ಚಿನ ಅನರ್ಥವೆಂದರೆ, ಇಂಥ ವಾಕ್ಯವನ್ನು ಓದಿದವನು, ಬರೆದವರೇ ಮಾಡುವುದಿಲ್ಲವೆಂದ ಮೇಲೆ ತಾನು ಮಾಡುವುದೇನೆಂದು, ಬಹು ನ್ಯಾಯವಾಗಿಯೇ, ಕಾಗದವನ್ನು ಮಡಚಿ ಇಡುತ್ತಾನೆ.

ಆಳುವವರ ಬರಹವೆಲ್ಲ ಎಂದೆಂದಿಗೂ ಹೀಗೆಯೇ ಇತ್ತೆಂದು ಹೇಳುವವರಿಗೆ ಉತ್ತರವು ಯಾದಗಿರಿ, ಶಹಾಪುರ, ಸುರಪುರಗಳ ಕಡೆಯವರಾದ ನಮಗೆ ಬಹಳ ದೂರದಲ್ಲೇನೂ ಇಲ್ಲ. ಭೀಮೆಯ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನಗಳು ದೊರೆತುವು. ಅವು ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳು; ಅವುಗಳೊಡನೆ, ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಇವೆಯೆಂದು ಅಲ್ಲಿಯವರೆಗೆ ತಿಳಿಯಲಾಗಿದ್ದ ಎರಡು ಪ್ರತ್ಯೇಕ ಶಾಸನಗಳು. ಲೇಖನಕಲೆಯ ವಿದ್ಯಾರ್ಥಿಗೆ ಇವುಗಳಲ್ಲಿ ಹದಿನಾಲ್ಕನೆಯದು ಅತ್ಯಂತ ಸ್ವಾರಸ್ಯವಾದುದು. ಏಕೆಂದರೆ ಅದು ಬರಹವನ್ನೇ ಕುರಿತ ಬರಹ. ರಾಜನು ಅದರಲ್ಲಿ ತನ್ನ ಶಾಸನಗಳು ಕೆಲವೆಡೆ ಸಂಕ್ಷಿಪ್ತವಾಗಿಯೂ ಕೆಲವೆಡೆ ಮಧ್ಯಮ ಪ್ರಮಾಣದಲ್ಲಿಯೂ ಕೆಲವೆಡೆ ವಿಸ್ತಾರವಾಗಿಯೂ ಇವೆಯೆಂದೂ, ಎಲ್ಲವೂ ಎಲ್ಲ ಸ್ಥಳಕ್ಕೂ ಒಪ್ಪತಕ್ಕದ್ದಲ್ಲವೆಂದೂ, ಕೆಲವು ಮಾತುಗಳನ್ನು ಅವುಗಳ ಮಾಧುರ್ಯಕ್ಕಾಗಿ, ಜನರು ಹಾಗೆ ನಡೆಯಲೆಂದು, ಮತ್ತೆ ಮತ್ತೆ ಹೇಳಿದ್ದೇನೆಂದೂ, ಎಲ್ಲಿಯಾದರೂ ಅಪೂರ್ಣವಾಗಿದ್ದರೆ ಅದಕ್ಕೆ ಸ್ಥಳದ ಕಾರಣವೋ ಲಿಪಿಕಾರನ ತಪ್ಪೋ ಇದ್ದೀತೆಂದೂ ಹೇಳಿಕೊಳ್ಳುತ್ತಾನೆ. ಸಾಮ್ರಾಜ್ಯವನ್ನಾಳುವವನು ತನ್ನ ಲಿಪಿಕಾರರ ತಪ್ಪನ್ನು ಕಲ್ಲಿನಲ್ಲಿ ಒಪ್ಪಿಕೊಂಡಿದ್ದಾನೆ. ನಮ್ಮ ಕಚೇರಿಗಳು ಇದನ್ನು ಕಾಗದದಲ್ಲಿ ಕೂಡ ಒಪ್ಪವು.

ಪ್ರತ್ಯೇಕ ಶಾಸನಗಳ ಸ್ವರೂಪ ಇನ್ನೂ ಬೋಧಪ್ರದ. ಅವು ಅಧಿಕಾರಿಗಳನ್ನು ಉದ್ದೇಶಿಸಿದವು. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದು ಹೇಳಿದ ರಾಜನು ಅಷ್ಟಕ್ಕೇ ತೃಪ್ತನಾಗದೆ, ಅಸೂಯೆ, ಕ್ರೋಧ, ನಿಷ್ಠುರತೆ, ಅವಸರ, ಆಲಸ್ಯ, ಬಳಲಿಕೆ ಎಂದು ಅಧಿಕಾರಿಯ ದೋಷಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ. ಮತ್ತು ಈ ಲಿಪಿಯನ್ನು ತಿಷ್ಯಾ ನಕ್ಷತ್ರದ ದಿನಗಳಲ್ಲಿಯೂ ನಡುನಡುವೆಯೂ ಓದಿಸಿ ಕೇಳತಕ್ಕದ್ದು, ಕೇಳುವವನು ಒಬ್ಬನೇ ಇದ್ದರೂ ಕೇಳತಕ್ಕದ್ದು ಎಂದು ವಿಧಿಸುತ್ತಾನೆ. ಬರೆಯುವವನು ಇಂಥವನು, ನಡೆಸತಕ್ಕವನು ಇಂಥವನು, ನಡೆಸುವಾಗ ಅಡ್ಡ ಬರುವುದು ಇಂಥದು, ಇದು ಕಿವಿಗೆ ಬೀಳಬೇಕಾದ ದಿನ ಇಂಥದು: ಸಂಸ್ಥೆಯ ಬರಹಕ್ಕೆ ಬೇಕಾದ ಅಂಗಗಳಲ್ಲಿ ಮುಖ್ಯವಾದವೆಲ್ಲ ಇಲ್ಲಿವೆ. ಹೀಗೆ ಕೇಳಿಸಬೇಕೆಂದು ಕೆತ್ತಿಸಿದ ಕಲ್ಲು ನಡುವೆ ರಂಧ್ರ ಕೊರೆಯಿಸಿಕೊಂಡು ಪೀಠವಾಗಿ, ಯಾರ ಕಿವಿಗೂ ಬೀಳದೆ ಶತಮಾನಗಳನ್ನು ಕಳೆಯಿತೆಂಬುದು ಬೇರೆ ಮಾತು. ಆ ಗತಿ ಎಷ್ಟೋ ಸುತ್ತೋಲೆಗಳಿಗೆ ಹೊರಟ ತಿಂಗಳಲ್ಲಿಯೇ ಒದಗುತ್ತದೆ.

ಅಶೋಕನಿಂದ ಈಚೆಗೆ ಈ ನೆಲದಲ್ಲಿ ರಾಜ್ಯಭಾಷೆಯು ಜನಭಾಷೆಯಿಂದ ಬಹುಕಾಲ ದೂರವಾಗಿಯೇ ಇತ್ತು. ಹೈದರಾಬಾದ್ ಸಂಸ್ಥಾನದ ದಫ್ತರಗಳಲ್ಲಿ ಮೊದಲು ಪಾರಸಿಯೂ 1884ರ ಸುಮಾರಿನಿಂದ ಉರ್ದುವೂ ನಡೆದುವು. ತನ್ನ ಹೊಲದ ಕಾಗದವನ್ನು ತಾನೇ ಓದಲಾರದ ಒಕ್ಕಲಿಗನು, ಓದಬಲ್ಲವರ ಮುಖವನ್ನು ನೋಡಿ ಕಾಗದದ ಅರ್ಥವನ್ನು ಊಹಿಸುವ ಅಭ್ಯಾಸವನ್ನು ಬೆಳೆಸಿಕೊಂಡನು. 1956ರ ಏಕೀಕರಣದ ಬಳಿಕ ಕಾಗದ ಕನ್ನಡದ್ದಾಯಿತು. ಅಭ್ಯಾಸ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ, ಹೋಗುವಂತೆ ಕನ್ನಡದ ಕಾಗದವೂ ಬಹಳ ಸಹಾಯ ಮಾಡಿಲ್ಲ. ಕಾಗದವನ್ನು ಓದಲಾರದ ಜನರೂ ಕೆಲಸವನ್ನು ಬಲ್ಲರು: 1841ರಿಂದ ಸುರಪುರದಲ್ಲಿದ್ದ ಆಂಗ್ಲ ಅಧಿಕಾರಿ ಮೆಡೋಸ್ ಟೇಲರನು ಬೋನಾಳದ ಕೆರೆಯನ್ನು ಜೀರ್ಣೋದ್ಧಾರ ಮಾಡಿಸಿದನು. ಆ ಕಾಲದ ಅವನ ಆಂಗ್ಲ ವರದಿಗಳನ್ನು ಇಲ್ಲಿ ಯಾರೂ ಓದಿರಲಾರರು, ಕೆರೆಯನ್ನಾದರೋ ಹಕ್ಕಿಗಳು ಸಹ ಬಲ್ಲವು. ಹೇಳದೆ ಮಾಡಿದ್ದು ಕೂಡ ಜನರಲ್ಲಿ ವಿಶ್ವಾಸ ಹುಟ್ಟಿಸಬಲ್ಲದು. ಹೇಳಿ ಮಾಡದಿದ್ದುದು ಎಂದಿಗೂ ಹುಟ್ಟಿಸದು.

ಇನ್ನು ನೆರೆಯ ವಿಷಯ. 2009ರ ಶರತ್ಕಾಲದ ಅತಿವೃಷ್ಟಿ, 2019ರ ಕೃಷ್ಣೆಯ ಪ್ರವಾಹ, 2020ರ ಅಕ್ಟೋಬರಿನ ಭೀಮೆಯ ಪ್ರವಾಹ ಇವನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. 2019ರ ಆಗಸ್ಟಿನಲ್ಲಿ ನಾರಾಯಣಪುರದ ಬಸವಸಾಗರದಿಂದ ಐದು ಲಕ್ಷ ಕ್ಯೂಸೆಕ್ ಮೀರಿ ನೀರು ಹೊರಬಿದ್ದಾಗ, ಆ ಅಂಕೆಯು ಪತ್ರಿಕೆಗಳಲ್ಲಿಯೂ ಪ್ರಕಟಣೆಗಳಲ್ಲಿಯೂ ಗಂಟೆಗಂಟೆಗೂ ಬರುತ್ತಿತ್ತು. ಒಂದು ಕ್ಯೂಸೆಕ್ಕೆಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಹಾಗೆಂದು ಗುಣಿಸಿ ನೋಡಿದರೂ ಕೃಷ್ಣೆಯ ನಡುಗಡ್ಡೆಯಾದ ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿಯ ನಿವಾಸಿಗೆ ಅದರಿಂದ ತಿಳಿಯುವುದೇನು? ಅವನಿಗೆ ಬೇಕಾದುದು ದಡಕ್ಕೆ ದಾಟುವ ದಾರಿ ಎಷ್ಟು ಹೊತ್ತಿಗೆ ಮುಚ್ಚೀತು, ಮನೆಯಲ್ಲಿರುವ ಬಾಣಂತಿಯನ್ನು ಈ ಸಂಜೆಯೇ ಕಳುಹಿಸಬೇಕೆ, ನಾಳೆ ಬೆಳಗಿನವರೆಗೆ ಸಮಯವಿದೆಯೆ ಎಂಬುದು. ಶಹಾಪುರದಿಂದ ದೇವದುರ್ಗದ ಕಡೆಗೆ ಹೋಗುವವನಿಗೆ ಬೇಕಾದುದು ಕೊಳ್ಳೂರಿನ ಸೇತುವೆ ಮುಳುಗುವುದೋ ಇಲ್ಲವೋ ಎಂಬುದು. ಅಣೆಕಟ್ಟಿನ ಅಂಕೆಯನ್ನು ಊರಿನ ಗುರುತಿಗೆ ತಿರುಗಿಸಿ ಹೇಳುವ ಈ ಒಂದು ಕೆಲಸವನ್ನು ಬರೆಯುವವನು ಮಾಡದೆ ಬಿಟ್ಟರೆ, ಕೇಳುವವನು ತನ್ನ ಜೀವವನ್ನು ಪಣವಾಗಿಟ್ಟು ಅದನ್ನು ಮಾಡಿಕೊಳ್ಳಬೇಕಾಗುತ್ತದೆ.

ಇದೇ ಪ್ರಸಂಗದಲ್ಲಿ ಒಡಂಬಡಿಸುವ ಉತ್ಸಾಹವು ಸತ್ಯವನ್ನು ಎಳೆದಾಡುವುದೂ ಉಂಟು. ನೆರೆ ಬಂದೊಡನೆ ಅದು ಹವಾಮಾನ ಬದಲಾವಣೆಯ ಫಲವೇ ಎಂದು ಬರೆದುಬಿಡುವ ಲೇಖಕನು, ಮೇಲಿನ ಜಲಾಶಯಗಳಲ್ಲಿ ನೀರನ್ನು ಎಷ್ಟು ಹಿಡಿದರು, ಯಾವಾಗ ಬಿಟ್ಟರು ಎಂಬ ಪ್ರಶ್ನೆಗಳಿಂದ ಕೆಲವರನ್ನು ತನಗರಿವಿಲ್ಲದೆಯೇ ಪಾರುಮಾಡುತ್ತಾನೆ. ಗಾಳಿಯು ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ತಾಳಬಲ್ಲದು, ಆದುದರಿಂದ ಭಾರಿ ಮಳೆ ಇನ್ನೂ ಭಾರಿಯಾಗುವ ಸಂಭವ ಹೆಚ್ಚಿದೆ; ಇಷ್ಟನ್ನು ಧೈರ್ಯವಾಗಿ ಬರೆಯಬಹುದು. ಈ ವರ್ಷದ ಈ ನೆರೆಯಲ್ಲಿ ಅದರ ಪಾಲೆಷ್ಟು, ಬಾಗಿಲು ತೆರೆದವರ ಪಾಲೆಷ್ಟು ಎಂಬುದು ಬೇರೆ ಲೆಕ್ಕ. ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸುವುದು ಸಲ್ಲದು.

ಒಳ್ಳೆಯ ಬರಹಕ್ಕೆ ನಮ್ಮಲ್ಲಿ ನಿದರ್ಶನವೇ ಇಲ್ಲವೆಂದಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗಿನ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯತಕ್ಕದ್ದೆಂಬ ಆದೇಶವನ್ನೂ, ಉದ್ಯೋಗ ಖಾತರಿಯ ಕೂಲಿಕಾರರಿಗೆ ಬೇಸಗೆಯಲ್ಲಿ ಕೆಲಸದ ಪ್ರಮಾಣದಲ್ಲಿ ಶೇ 30ರ ರಿಯಾಯಿತಿಯನ್ನು ಕೊಟ್ಟ ಆದೇಶವನ್ನೂ ನೋಡಿರಿ. ಅವುಗಳಲ್ಲಿ ಜಗತ್ತಿನ ಉಷ್ಣತೆಯ ಪ್ರಸ್ತಾಪವಿಲ್ಲ, ಭವಿಷ್ಯದ ಪೀಳಿಗೆಯ ಪ್ರಸ್ತಾಪವಿಲ್ಲ. ಯಾರಿಗೆ, ಎಂದಿನಿಂದ ಎಂದಿನವರೆಗೆ, ಎಷ್ಟು ಎಂಬುದಿದೆ. ಅದನ್ನು ಕೇಳಿದ ಕೂಲಿಯ ಹೆಣ್ಣುಮಗಳು ತಾನು ಇಂದು ಕಡಿಯಬೇಕಾದ ಮಣ್ಣು ಎಷ್ಟೆಂದು ಅಳೆದುಕೊಳ್ಳಬಲ್ಲಳು, ಹೆಚ್ಚು ಕಡಿಸಿದರೆ ಜಗಳವಾಡಬಲ್ಲಳು. ಇಂಥ ಜಗಳಕ್ಕೆ ಆಧಾರವಾಗುವುದೇ ಸ್ಪಷ್ಟತೆಯ ಪರೀಕ್ಷೆಯೆಂದು ನನಗೆ ತೋರುತ್ತದೆ. ಖಾಸಗಿ ಹೊಲದಲ್ಲಿ ಕಳೆ ಕೀಳುವವಳಿಗೆ, ಗುಳೆ ಹೋಗಿ ಬೆಂಗಳೂರಿನ ಕಟ್ಟಡದಲ್ಲಿ ಸಿಮೆಂಟು ಹೊರುವವನಿಗೆ ಇಂಥ ವಾಕ್ಯವನ್ನು ಯಾರಾದರೂ ಬರೆದುದನ್ನು ನಾನಿನ್ನೂ ಕಂಡಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ನಿದರ್ಶನಕ್ಕೆ ಬರುತ್ತೇನೆ. ಅದು ಕಾಲುವೆಯದು, ಭತ್ತದ್ದು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಗಳು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲನ್ನಿಟ್ಟಾಗ, ಯೋಜನೆಯನ್ನು ರೂಪಿಸಿದವರ ಮನಸ್ಸಿನಲ್ಲಿದ್ದುದು ಹೆಚ್ಚಾಗಿ ಲಘುನೀರಾವರಿಯ ಬೆಳೆಗಳು: ಜೋಳ, ಶೇಂಗಾ, ಹತ್ತಿ ಮುಂತಾದವು. ಸ್ವಲ್ಪ ನೀರನ್ನು ಬಹಳ ಹೊಲಗಳಿಗೆ ಹಂಚಬೇಕೆಂಬುದು ಅವರ ಸಂಕಲ್ಪ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರಗಳ ಯರೆನೆಲಕ್ಕೆ ಬಂದಾಗ, ಕಾಲುವೆಯ ಮೇಲ್ಭಾಗದ ರೈತನು ಭತ್ತವನ್ನು ನಾಟಿ ಮಾಡಿದನು. ಮಾರಾಟದ ಭರವಸೆಯುಳ್ಳ ಬೆಳೆ, ಎದುರಿಗೆ ಹರಿಯುವ ನೀರು, ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಪರಿಣಾಮವಾಗಿ ಮೇಲಿನ ನೆಲ ಅಲ್ಲಲ್ಲಿ ಜವುಗಾಗಿ ಸವುಳೇಳಿತು, ಕಾಲುವೆಯ ಕೊನೆಯ ತೂಬಿನವನು ನೀರಿಗಾಗಿ ರಸ್ತೆಗಿಳಿದನು. ಭೀಮರಾಯನಗುಡಿಯ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಕಚೇರಿಯವರಿಗೂ ನೀರು ಬಳಕೆದಾರರ ಸಹಕಾರ ಸಂಘಗಳಿಗೂ ಈ ವ್ಯಾಜ್ಯ ನಿತ್ಯದ್ದು.

ಇದಕ್ಕೆ ಹವಾಮಾನದ ಲೆಕ್ಕವೂ ಸೇರಿಕೊಂಡಿದೆ. ಸದಾ ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಪ್ರಾಣವಾಯು ಇಲ್ಲವಾಗಿ, ಅಲ್ಲಿಯ ಸೂಕ್ಷ್ಮಜೀವಿಗಳು ಮೀಥೇನನ್ನು ಹುಟ್ಟಿಸುತ್ತವೆ. ನೂರು ವರ್ಷಗಳ ಅವಧಿಯಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಅದರ ತಾಪಶಕ್ತಿ ಸುಮಾರು 27 ಪಟ್ಟು. ನೀರನ್ನು ಆಗಾಗ ಇಳಿಯಗೊಟ್ಟು ಮತ್ತೆ ಹಾಯಿಸುವ ಪದ್ಧತಿಯಿಂದ, ಸರಿಯಾಗಿ ನಡೆಸಿದಲ್ಲಿ, ಈ ಅನಿಲವು ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೂ ತಗ್ಗುವುದೆಂದು ಅನೇಕ ದೇಶಗಳ ಪ್ರಯೋಗಗಳು ತೋರಿಸಿವೆ, ನೀರೂ ಉಳಿಯುತ್ತದೆ. ಸಂಘವೊಂದು ಇದನ್ನು ತನ್ನ ಸದಸ್ಯರಿಗೆ ಬರೆಯಬೇಕು. ಹೇಗೆ ಬರೆದೀತು?

ಸಾಮಾನ್ಯವಾಗಿ ಬರೆಯುವ ಬಗೆಯೆಂದರೆ, ಭೂಮಾತೆಯ ಸಂಕಟದಿಂದ ಆರಂಭಿಸಿ, ನೀರು ಅಮೂಲ್ಯವೆಂದು ಹೇಳಿ, ರೈತ ಬಾಂಧವರು ಸಹಕರಿಸಬೇಕೆಂದು ಕೋರುವುದು. ಈ ಬಗೆ ಏಕೆ ನಿಷ್ಫಲವೆಂಬುದನ್ನು ಮೇಲ್ಭಾಗದ ರೈತನ ಸ್ಥಾನದಲ್ಲಿ ನಿಂತು ನೋಡಬೇಕು. ಅವನು ನೀರಿನ ಕರವನ್ನು ಕೊಡುವುದು ಎಕರೆಗೆ, ನೀರಿನ ಅಳತೆಗಲ್ಲ. ಉಳಿಸಿದರೆ ಅವನಿಗೆ ಬಿಡಿಗಾಸಿನ ಲಾಭವಿಲ್ಲ. ಕಾಲುವೆಯ ನೀರು ತಾನೇ ಇಳಿದು ಬರುವುದರಿಂದ ಪಂಪಿನ ಖರ್ಚೂ ಉಳಿಯದು. ಎಲ್ಲಕ್ಕಿಂತ ಮಿಗಿಲಾಗಿ, ಚಾಲು–ಬಂದ್ ಸರದಿಯಲ್ಲಿ ಬಂದ್ ಆದ ಕಾಲುವೆ ಮತ್ತೆ ಹೇಳಿದ ದಿನವೇ ಚಾಲು ಆದೀತೆಂಬ ನಂಬಿಕೆ ಅವನಿಗಿಲ್ಲ; ಆದುದರಿಂದ ಬಂದಾಗ ತುಂಬಿಸಿಡುತ್ತಾನೆ. ಇದು ದುರಾಶೆಯಲ್ಲ, ವಿವೇಕ. ಹೇಳಿದ ದಿನ ಸಾಲ ತೀರಿಸದವನು ಮಿತವ್ಯಯವನ್ನು ಬೋಧಿಸಿದರೆ ಕೇಳುವವರು ಹೇಗೆ ನಕ್ಕಾರೋ, ಹೇಳಿದ ದಿನ ನೀರು ಕೊಡದ ಸಂಸ್ಥೆಯು ನೀರುಳಿಸಿರೆಂದು ಬರೆದರೂ ಹಾಗೆಯೇ ನಗುವರು. ಆದುದರಿಂದ ಇಲ್ಲಿ ಒಡಂಬಡಿಸುವ ಬರಹದ ಮೊದಲ ವಾಕ್ಯದ ಕರ್ತೃವು ರೈತನಾಗಿರಕೂಡದು, ಸಂಘವಾಗಿರಬೇಕು. ತಾನೇನು ಮಾಡುವೆನೆಂಬುದನ್ನು ಮೊದಲು ಹೇಳಿ, ಅದಾದ ಮೇಲೆ ಮಾತ್ರ ನೀನೇನು ಮಾಡಬೇಕೆಂದು ಹೇಳುವ ಅಧಿಕಾರ ಅದಕ್ಕೆ ಬರುತ್ತದೆ.

ಅಂಥ ಒಂದು ಪತ್ರದ ಕರಡನ್ನು ಓದುತ್ತೇನೆ. ನನ್ನ ಉಪನ್ಯಾಸದ ದೀರ್ಘವಾಕ್ಯಗಳು ಅದಕ್ಕೆ ಸಲ್ಲವೆಂಬುದನ್ನು ನಾನು ಬಲ್ಲೆ. ಸಭೆಯ ಕುರ್ಚಿಯಲ್ಲಿ ಕುಳಿತವರಿಗೆ ಇರುವ ಪುರುಸೊತ್ತು ಬದುವಿನ ಮೇಲೆ ನಿಂತವನಿಗಿಲ್ಲ.

“ಸಂಘದ ಸದಸ್ಯರಿಗೆ. ಈ ಮುಂಗಾರಿನಲ್ಲಿ ನಮ್ಮ ಉಪಕಾಲುವೆ ಚಾಲು ಆಗುವ ದಿನ, ಬಂದ್ ಆಗುವ ದಿನ ಎರಡನ್ನೂ ಈ ಪತ್ರದ ಹಿಂಬದಿಯಲ್ಲಿ ಬರೆದಿದ್ದೇವೆ. ನೀರಾವರಿ ಸಲಹಾ ಸಮಿತಿ ದಿನ ಬದಲಿಸಿದರೆ ಸುದ್ದಿ ಬಂದ ಸಂಜೆಯೇ ನಿಮಗೆ ತಿಳಿಸುತ್ತೇವೆ. ಹೇಳಿದ ದಿನ ನಿಮ್ಮ ತೂಬಿಗೆ ನೀರು ಬರದಿದ್ದರೆ ಕಾರ್ಯದರ್ಶಿಯನ್ನು ಕೇಳಿರಿ. ನೀವು ಕೇಳಿದ್ದನ್ನು ಅವರು ಪುಸ್ತಕದಲ್ಲಿ ಬರೆಯುತ್ತಾರೆ. ಆ ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದು.

“ನಾಟಿ ಮಾಡಿ ಎರಡು ವಾರವಾದ ಮೇಲೆ ಗದ್ದೆಯಲ್ಲಿ ಸದಾ ನೀರು ನಿಲ್ಲಬೇಕಾಗಿಲ್ಲ. ಸುತ್ತ ತೂತು ಕೊರೆದ ಒಂದಡಿ ಉದ್ದದ ಪೈಪನ್ನು ಗದ್ದೆಯಲ್ಲಿ ಹೂಳಿರಿ. ಅದರೊಳಗಿನ ನೀರು ನೆಲದಿಂದ ಅರ್ಧ ಅಡಿ ಕೆಳಗಿಳಿದಾಗ ಮತ್ತೆ ನೀರು ಬಿಡಿರಿ. ಯರೆನೆಲದಲ್ಲಿ ಬಿರುಕು ಅಗಲವಾಗುವ ಮುಂಚೆಯೇ ಬಿಡಿರಿ. ಅಗಲವಾದರೆ ಬಿಟ್ಟ ನೀರೆಲ್ಲ ಬಿರುಕಿಗೇ ಹೋಗುತ್ತದೆ. ತೆನೆ ಹೊರಡುವ ಹೊತ್ತಿನಲ್ಲಿ ನೀರು ತಪ್ಪಿಸಬೇಡಿರಿ.

“ಇದರಿಂದ ಇಳುವರಿ ಹೆಚ್ಚುತ್ತದೆಂದು ನಾವು ಹೇಳುವುದಿಲ್ಲ. ಸರಿಯಾಗಿ ಮಾಡಿದರೆ ಕಡಿಮೆಯಾಗಬಾರದು. ನಿಮ್ಮ ನೀರಿನ ಕರ ಇಳಿಯುವುದಿಲ್ಲ. ಉಳಿದ ನೀರು ಕೊನೆಯ ತೂಬಿನ ಹೊಲಗಳಿಗೆ ಹೋಗುತ್ತದೆ. ನೀರು ನಿಂತ ಗದ್ದೆಯಿಂದ ಮೀಥೇನ್ ಎಂಬ ಅನಿಲ ಏಳುತ್ತದೆ. ಭೂಮಿಯ ಬಿಸಿ ಏರುವುದಕ್ಕೆ ಅದೂ ಒಂದು ಕಾರಣ. ನೀರು ಆಗಾಗ ಇಳಿದರೆ ಆ ಅನಿಲ ಕಡಿಮೆಯಾಗುತ್ತದೆ. ಸಂಘದ ಅಧ್ಯಕ್ಷರೂ ನಿರ್ದೇಶಕರೂ ಈ ಹಂಗಾಮಿನಲ್ಲಿ ತಮ್ಮ ಗದ್ದೆಗಳಲ್ಲಿ ಹೀಗೆ ಮಾಡುತ್ತಾರೆ. ಬಂದು ನೋಡಿರಿ.”

ಈ ಕರಡಿಗೆ ಎರಡು ಆಕ್ಷೇಪಗಳು ಬಂದಾವು. ಮೊದಲನೆಯದು, ಇಳುವರಿ ಹೆಚ್ಚದು, ಕರ ಇಳಿಯದು ಎಂದು ತಾವಾಗಿಯೇ ಬರೆದುಕೊಟ್ಟರೆ ಒಡಂಬಡುವವರು ಯಾರು ಎಂಬುದು. ಹೆಚ್ಚು ಮಂದಿ ಇರಲಾರರು, ಅದು ನಿಜ. ಆದರೆ ಆ ಎರಡು ವಾಕ್ಯಗಳನ್ನು ತೆಗೆದುಹಾಕಿದರೂ ರೈತನಿಗೆ ಆ ಸಂಗತಿ ಗೊತ್ತೇ ಇರುತ್ತದೆ. ಪತ್ರ ಬರೆದವರಿಗೆ ಗೊತ್ತಿಲ್ಲವೆಂದೋ, ಗೊತ್ತಿದ್ದೂ ಮುಚ್ಚಿದರೆಂದೋ ಅವನು ತಿಳಿಯುವುದಷ್ಟೇ ಹೆಚ್ಚಾಗುವುದು. ಎರಡನೆಯದು ನಿರ್ದೇಶಕರ ಆಕ್ಷೇಪ: ತಮ್ಮ ಗದ್ದೆಗಳ ಮಾತನ್ನು ಬಿಟ್ಟರಾಗದೆ ಎಂಬುದು. ಅದನ್ನು ಬಿಡುವುದಾದರೆ ಪತ್ರವನ್ನು ಕಳುಹಿಸದಿರುವುದೇ ಲೇಸು. ಯರೆನೆಲದಲ್ಲಿ ಎಷ್ಟರಮಟ್ಟಿಗೆ ಒಣಗಗೊಡಬಹುದೆಂಬ ಸೂಕ್ಷ್ಮವನ್ನು ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದವರನ್ನೋ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ ನಿಶ್ಚಯಿಸಿಕೊಳ್ಳುವುದಕ್ಕೂ, ನಿರ್ದೇಶಕರ ಗದ್ದೆಯೇ ಅನುಕೂಲವಾದ ಸ್ಥಳ. ನಷ್ಟವಾದರೆ ಸಲಹೆ ಕೊಟ್ಟವರಿಗೇ ಆಗಲಿ.

ಪತ್ರವನ್ನು ಬರೆದ ಮೇಲೆ ಇನ್ನೊಂದು ಪತ್ರದ ಋಣ ಹುಟ್ಟುತ್ತದೆ. ಹೇಳಿದ ದಿನಗಳಲ್ಲಿ ಎಷ್ಟು ದಿನ ನೀರು ಬಂತು, ಎಷ್ಟು ದಿನ ತಪ್ಪಿತು, ತಪ್ಪಿದುದು ಯಾರಿಂದ; ಪೈಪು ಹೂಳಿದವರೆಷ್ಟು ಮಂದಿ, ಹೂಳಿ ಕಿತ್ತುಹಾಕಿದವರೆಷ್ಟು ಮಂದಿ; ಕೊನೆಯ ತೂಬಿನಲ್ಲಿ ಹೋದ ವರ್ಷಕ್ಕಿಂತ ಎಷ್ಟು ಎಕರೆ ಹೆಚ್ಚು ತೊಯ್ದಿತು; ನಿರ್ದೇಶಕರ ಗದ್ದೆಗಳಲ್ಲಿ ಎಕರೆಗೆ ಎಷ್ಟು ಚೀಲ ಬಂತು, ಕಡಿಮೆ ಬಂದಿದ್ದರೆ ಎಷ್ಟು ಕಡಿಮೆ. ಇದನ್ನು ಸರ್ವಸದಸ್ಯರ ವಾರ್ಷಿಕ ಸಭೆಯ ವರದಿಯಲ್ಲಿ ಸೇರಿಸಿದರೆ ಸಾಲದೆ ಎಂದು ಕಾರ್ಯದರ್ಶಿಗಳು ಕೇಳಬಹುದು. ಸಾಲದು, ಏಕೆಂದರೆ ಕಾಯಿದೆಯ ಪ್ರಕಾರ ಆ ಸಭೆ ಸೆಪ್ಟೆಂಬರ್ 25ರೊಳಗೆ ಮುಗಿಯಬೇಕು, ಮುಂಗಾರಿನ ಭತ್ತವಾದರೋ ಆಗಿನ್ನೂ ಗದ್ದೆಯಲ್ಲಿ ನಿಂತಿರುತ್ತದೆ, ಲೆಕ್ಕ ಮುಂದಿನ ವರ್ಷಕ್ಕೆ ಹೋಗಿ ಎಲ್ಲರಿಗೂ ಮರೆತಿರುತ್ತದೆ. ರಾಶಿ ಮುಗಿದ ವಾರದಲ್ಲಿಯೇ, ಕಾರ್ಯದರ್ಶಿಯ ಪುಸ್ತಕವನ್ನು ಮುಂದಿಟ್ಟುಕೊಂಡು, ಬೇರೊಂದು ಸಭೆಯನ್ನು ಕರೆದು ಅದನ್ನು ಗಟ್ಟಿಯಾಗಿ ಓದತಕ್ಕದ್ದು. ಮೇಲ್ಭಾಗದವರೂ ಕೊನೆಯ ತೂಬಿನವರೂ ಒಂದೇ ಜಮಖಾನೆಯ ಮೇಲೆ ಕುಳಿತು ಕೇಳುವಂತಹ ಜಾಗದಲ್ಲಿ ಓದತಕ್ಕದ್ದು.